ಬಾಣಂತಿಯ ಬುತ್ತಿ: ಮನೆಯಲ್ಲೇ ಮಾಡುವ ಪೌಷ್ಟಿಕ ತಿನಿಸುಗಳು

(ನಮ್ಮ ಹಾಲು ಉತ್ಪಾದಕರ ಸಹಕಾರ ಸಂಘದ ಬೆಳ್ಳಿಹಬ್ಬದ ಅಂಗವಾಗಿ ಏರ್ಪಡಿಸಿದ್ದ ಸದಸ್ಯರ ಸಭೆಯಲ್ಲಿ ಸಂಘದ ನಿರ್ದೇಶಕಿಯೊಬ್ಬರು ಮಾಡಿದ ಭಾಷಣ)



ನಮ್ಮ ಸಂಘ 25 ವರ್ಷ ತುಂಬಿಸಿ ಬೆಳ್ಳಿಹಬ್ಬ ಆಚರಿಸುತ್ತಿರುವುದು ನಮಗೆಲ್ಲ ಸಂತೋಷದ ವಿಷಯ. ಸಂಘ ನಡೆದು ಬಂದ ದಾರಿ, ಕಟ್ಟಡ ಕಟ್ಟಿದ್ದು, ಹಾಲಿನ ಲೆಕ್ಕ, ಬೋನಸ್ಸಿನ ಲೆಕ್ಕ ಎಲ್ಲವನ್ನೂ ನನಗಿಂತ ಮುಂಚೆ ಮಾತಾಡಿದವರು ಚೆನ್ನಾಗಿ ಹೇಳಿದ್ದಾರೆ. ನಾನು ಎಸ್.ಎಸ್.ಎಲ್.ಸಿ.ವರೆಗೆ ಓದಿದವಳು. ಎರಡು ಹಸು, ಒಂದಿಷ್ಟು ಹೊಲ, ಮನೆ ಇಷ್ಟೇ ನನ್ನ ಪ್ರಪಂಚ. ದೊಡ್ಡ ಮಾತು ನನ್ನಿಂದ ಬರುವುದಿಲ್ಲ. ಆದ್ದರಿಂದ ನನಗೆ ಗೊತ್ತಿರುವ, ನಮ್ಮೆಲ್ಲರ ಮನೆಗೆ ಸೇರಿದ ಒಂದು ವಿಷಯ ತೆಗೆದುಕೊಂಡಿದ್ದೇನೆ. ಹಾಲೂಡಿಸುವ ತಾಯಂದಿರಿಗೆ ಅಂದರೆ ಬಾಣಂತಿಯರಿಗೆ ಮನೆಯಲ್ಲೇ ಮಾಡಿಕೊಡಬಹುದಾದ ತಿನಿಸುಗಳ ವಿಷಯ.

"ಹಾಲಿನ ಸಂಘದ ಹಬ್ಬದಲ್ಲಿ ಬಾಣಂತನದ ಮಾತು ಯಾಕಪ್ಪ?" ಅಂತ ಹಿಂದೆ ಕೂತಿರುವ ಅಣ್ಣಂದಿರು ಕೇಳಬಹುದು. ಹಾಲಿನ ಬಗ್ಗೆ ನಮ್ಮ ಊರಿನವರಿಗೆ ಗೊತ್ತಿರುವಷ್ಟು ಬೇರೆ ಯಾರಿಗೂ ಗೊತ್ತಿಲ್ಲ, ಅದಕ್ಕೇ ಈ ಮಾತನ್ನು ಇಲ್ಲೇ ಆಡಬೇಕು.

ಕರು ಹಾಕಿದ ಹಸುವನ್ನು ನಾವು ಹೇಗೆ ನೋಡಿಕೊಳ್ಳುತ್ತೇವೆ ಸ್ವಲ್ಪ ನೆನಪು ಮಾಡಿಕೊಳ್ಳಿ. ಎರಡೂವರೆ ಲೀಟರ್ ಹಾಲಿಗೆ ಒಂದು ಕೆ.ಜಿ. ಪಶು ಆಹಾರ, ಅದರ ಮೈಗೆ ಅಂತ ಬೇರೆ ಒಂದೆರಡು ಕೆ.ಜಿ. ಹಿಂಡಿ ಬೂಸಾ. ಹಸಿ ಹುಲ್ಲು ಬೇರೆ, ಒಣ ಹುಲ್ಲು ಬೇರೆ. ಖನಿಜ ಮಿಶ್ರಣ ಮರೆಯುವ ಹಾಗಿಲ್ಲ. ಬಕೆಟ್ಟುಗಟ್ಟಲೆ ನೀರು. ಹಾಲುಜ್ವರ ಬಂದು ಹಸು ಮಲಗಿಬಿಟ್ಟರೆ, ಮೈ ತಣ್ಣಗಾದರೆ, ರಾತ್ರಿ ಎರಡು ಗಂಟೆಯಾದರೂ ಪಶು ವೈದ್ಯರಿಗೆ ಫೋನು ಮಾಡುತ್ತೇವೆ. ಅವರು ಬಂದು ರಕ್ತನಾಳಕ್ಕೆ ಕ್ಯಾಲ್ಸಿಯಂ ಹಾಕುತ್ತಾರೆ, ಹಸು ಎದ್ದು ನಿಲ್ಲುತ್ತದೆ. ಹಾಲಿನ ಜೊತೆ ಮೈಯಲ್ಲಿರುವ ಸುಣ್ಣದಂಶ ಹೊರಟುಹೋಗುತ್ತದೆ, ಅದನ್ನು ತುಂಬಿಕೊಡಬೇಕು ಎನ್ನುವುದು ನಮಗೆ ಯಾರೂ ಹೇಳಿಕೊಡಬೇಕಾಗಿಲ್ಲ.

ಅದೇ ಮನೆಯ ಒಳಕೋಣೆಯಲ್ಲಿ ಮಲಗಿರುವ ಬಾಣಂತಿಯ ತಟ್ಟೆಯನ್ನು ನೋಡೋಣ. ಬೆಳಿಗ್ಗೆ ಅನ್ನ, ಮೆಣಸಿನ ಸಾರು. ಮಧ್ಯಾಹ್ನ ಅನ್ನ, ಬೆಳ್ಳುಳ್ಳಿ ಸಾರು. ರಾತ್ರಿಯೂ ಅದೇ. ಕಾಳು ತಿಂದರೆ ವಾಯು, ಸೊಪ್ಪು ತಿಂದರೆ ಮಗುವಿಗೆ ಭೇದಿ, ಹಣ್ಣು ಶೀತ, ಮೊಸರು ನಂಜು. ನೀರು ಕುಡಿದರೆ ಹೊಟ್ಟೆ ದಪ್ಪವಾಗುತ್ತದೆ ಅಂತ ನೀರಿಗೂ ಲೆಕ್ಕ. ನೋಡಲು ಬಂದ ನೆಂಟರು ತರುವುದು ಬನ್ನು, ಬ್ರೆಡ್ಡು, ರಸ್ಕು. ಹಾಲಂತೂ ಎರಡು ಹೊತ್ತೂ ಕ್ಯಾನಿಗೆ ಹೋಗುತ್ತದೆ. ಅವಳಿಗೆ ಸಿಗುವುದು ಕಾಫಿಗೆ ಹಾಕಿದಷ್ಟು ಮಾತ್ರ.

ನಮ್ಮ ಊರಿನ ಒಬ್ಬ ಅಜ್ಜಿಯ ಹತ್ತಿರ ಇದೇ ಮಾತು ಬಂತು. ಮೊಮ್ಮಗಳು ಬಾಣಂತಿ. ಆ ಹುಡುಗಿ ಬಾಯಾರಿಕೆ ಅಂದರೂ ಅರ್ಧ ಲೋಟದ ಮೇಲೆ ನೀರು ಕೊಡುತ್ತಿರಲಿಲ್ಲ. ನಾನು ಕೇಳಿದೆ, "ಅಜ್ಜಿ, ಕರೆಯೋ ಹಸೀಗೆ ನೀರು ಕುಡಿಸ್ದೆ ಇದ್ರೆ ಹಾಲು ಕೊಡ್ತದಾ?" "ಅದೆಂಗೆ ಕೊಟ್ಟಾತು? ಅದು ದನ ಕಣವ್ವ" ಅಂದರು. "ದನಕ್ಕೆ ಒಂದು ನ್ಯಾಯ, ಮೊಮ್ಮಗಳಿಗೆ ಒಂದು ನ್ಯಾಯನಾ ಅಜ್ಜಿ?" ಅಂದೆ. ಅಜ್ಜಿ ಸ್ವಲ್ಪ ಹೊತ್ತು ಸುಮ್ಮನಿದ್ದು, "ಹೋಗ್ಲಿ, ಬಿಸಿನೀರು ಮಾಡಿ ಆರಿಸಿ ಕೊಡಾನ ಬಿಡು" ಅಂದರು. ನಮ್ಮ ಹಿರಿಯರು ಕೆಟ್ಟವರಲ್ಲ. ಅವರಿಗೆ ಅರ್ಥವಾಗುವ ಮಾತಿನಲ್ಲಿ ಹೇಳಬೇಕು ಅಷ್ಟೇ.

ಈಗ ಮುಖ್ಯವಾದ ಒಂದು ವಿಷಯ ಹೇಳುತ್ತೇನೆ, ದಯವಿಟ್ಟು ಗಮನ ಕೊಟ್ಟು ಕೇಳಬೇಕು. ಬಾಣಂತಿ ಸರಿಯಾಗಿ ತಿನ್ನದಿದ್ದರೆ ಹಾಲು ನಿಂತುಹೋಗುತ್ತದೆ ಅಂತ ಅನೇಕರು ತಿಳಿದಿದ್ದಾರೆ. ಹಾಗೇನೂ ಇಲ್ಲ. ಮಗು ಚೀಪಿದಷ್ಟೂ ಹಾಲು ಬರುತ್ತದೆ. ಬಡತನದಲ್ಲಿರುವ ತಾಯಿಗೂ ಹಾಲು ಬರುತ್ತದೆ. ಹಸು ತಿಂಡಿ ಕಮ್ಮಿಯಾದರೆ ಎರಡು ದಿನದಲ್ಲಿ ಹಾಲು ಇಳಿಸಿ ನಮಗೆ ಬುದ್ಧಿ ಹೇಳುತ್ತದೆ. ಹೆತ್ತ ತಾಯಿ ಹಾಗೆ ಬೇಗ ಇಳಿಸುವುದಿಲ್ಲ. ತಟ್ಟೆಯಲ್ಲಿ ಇಲ್ಲದ್ದನ್ನು ತನ್ನ ಮೈಯಿಂದ ತೆಗೆದು ಮಗುವಿಗೆ ಕೊಡುತ್ತಾಳೆ. ಮೂಳೆಯಿಂದ ಸುಣ್ಣದಂಶ, ಮಾಂಸಖಂಡದಿಂದ ಸಸಾರಜನಕ ಹೋಗುತ್ತದೆ. ಹೆರಿಗೆಯಲ್ಲಿ ಹೋದ ರಕ್ತವನ್ನು ಮತ್ತೆ ತುಂಬಿಕೊಳ್ಳುವುದಕ್ಕೂ ಆಹಾರವೇ ಬೇಕು. ಮಗು ಹಾಲು ಬಿಟ್ಟ ಮೇಲೆ ಮೂಳೆಗೆ ಸುಣ್ಣದಂಶ ಮತ್ತೆ ಸೇರಬೇಕು. ಆದರೆ ಊಟವೂ ಕಮ್ಮಿ, ಬೆನ್ನ ಹಿಂದೆಯೇ ಇನ್ನೊಂದು ಬಸುರು ಎಂದಾದರೆ ಸೇರುವುದು ಎಲ್ಲಿಂದ? ಮಗು ಗುಂಡುಗುಂಡಾಗಿದೆ ಅಂತ ನಾವು ಸಂತೋಷಪಡುತ್ತೇವೆ. ಅದರ ತಾಯಿ ತಲೆಸುತ್ತು, ಸೊಂಟ ನೋವು, ಸುಸ್ತು ಅಂದರೆ "ಈಗಿನ ಕಾಲದ ಹುಡುಗೀರಿಗೆ ಶಕ್ತಿ ಇಲ್ಲ" ಅನ್ನುತ್ತೇವೆ.

2019ರಿಂದ 2021ರವರೆಗೆ ನಡೆದ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆಯ ಪ್ರಕಾರ ನಮ್ಮ ಕರ್ನಾಟಕದಲ್ಲಿ 15ರಿಂದ 49 ವಯಸ್ಸಿನ ಹೆಂಗಸರಲ್ಲಿ ಹೆಚ್ಚುಕಡಿಮೆ ಅರ್ಧದಷ್ಟು ಜನರಿಗೆ ರಕ್ತಹೀನತೆ ಇದೆ. ಈ ಸಭೆಯಲ್ಲೇ ನೋಡಿ, ಪಕ್ಕಪಕ್ಕದಲ್ಲಿ ಕೂತಿರುವ ಇಬ್ಬರು ಹೆಣ್ಣುಮಕ್ಕಳಲ್ಲಿ ಒಬ್ಬರಿಗೆ ಅಂದ ಹಾಗೆ.

ಹಾಗಾದರೆ ಎಷ್ಟು ಹೆಚ್ಚಿಗೆ ತಿನ್ನಬೇಕು? ಹೈದರಾಬಾದಿನ ರಾಷ್ಟ್ರೀಯ ಪೋಷಣಾ ಸಂಸ್ಥೆ ಮತ್ತು ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿ 2020ರಲ್ಲಿ ಕೊಟ್ಟಿರುವ ಲೆಕ್ಕ ಹೀಗಿದೆ. ಹಾಲೂಡಿಸುವ ತಾಯಿಗೆ ಮೊದಲ ಆರು ತಿಂಗಳು ದಿನಕ್ಕೆ 600 ಕ್ಯಾಲೊರಿ ಹೆಚ್ಚಿಗೆ ಬೇಕು. ಆರರಿಂದ ಹನ್ನೆರಡು ತಿಂಗಳವರೆಗೆ 520 ಕ್ಯಾಲೊರಿ ಹೆಚ್ಚಿಗೆ ಬೇಕು. ಸಸಾರಜನಕ, ಅಂದರೆ ಪ್ರೋಟೀನು, ಮೊದಲ ಆರು ತಿಂಗಳು ದಿನಕ್ಕೆ ಸುಮಾರು 17 ಗ್ರಾಂ ಹೆಚ್ಚು. ಸುಣ್ಣದಂಶ ದಿನಕ್ಕೆ ಒಟ್ಟು 1200 ಮಿಲಿಗ್ರಾಂ. ಒಬ್ಬ ತಾಯಿ ದಿನಕ್ಕೆ ಸುಮಾರು ಮುಕ್ಕಾಲು ಲೀಟರ್ ಹಾಲು ಕೊಡುತ್ತಾಳೆ. ಅದಕ್ಕೆ ತಕ್ಕ ಲೆಕ್ಕ ಇದು.

ಇಷ್ಟನ್ನೂ ಮೂರು ಹೊತ್ತಿನ ಅನ್ನದಲ್ಲೇ ತುಂಬಿಸುತ್ತೇವೆ ಅಂದರೆ ಆಗುವುದಿಲ್ಲ. ಒಂದೇ ಸಲ ಅಷ್ಟು ಊಟ ಇಳಿಯುವುದಿಲ್ಲ, ಇಳಿದರೂ ಅಕ್ಕಿಯಲ್ಲಿ ಸುಣ್ಣದಂಶ ಇಲ್ಲವೇ ಇಲ್ಲ ಅನ್ನುವಷ್ಟು ಕಡಿಮೆ. ರಾತ್ರಿ ಎರಡು ಮೂರು ಸಲ ಎದ್ದು ಹಾಲೂಡಿಸುವವಳಿಗೆ ಅಡುಗೆಮನೆಗೆ ಹೋಗಿ ಬೇಯಿಸಿ ತಿನ್ನುವ ಶಕ್ತಿ ಎಲ್ಲಿರುತ್ತದೆ? ಅದಕ್ಕೇ ಊಟದ ನಡುವೆ ತಿನ್ನುವ ತಿನಿಸು ಬೇಕು. ಕೈಗೆ ಸಿಗುವ ಹಾಗೆ ಒಂದು ಡಬ್ಬಿಯಲ್ಲಿ, ಮಲಗುವ ಜಾಗದ ಪಕ್ಕದಲ್ಲೇ ಇರಬೇಕು. ಇದನ್ನೇ ನಾನು ಬಾಣಂತಿಯ ಬುತ್ತಿ ಅಂತ ಕರೆಯುತ್ತೇನೆ.

ಹಾಗಂತ ನಮ್ಮ ಹಳೆಯ ಪಥ್ಯವೆಲ್ಲ ತಪ್ಪು ಅಂತ ನಾನು ಹೇಳುವುದಿಲ್ಲ. ಎಣ್ಣೆ ನೀರು, ವಿಶ್ರಾಂತಿ, ಬಿಸಿ ಊಟ, ತುಪ್ಪ, ಬೆಳ್ಳುಳ್ಳಿ, ಮೆಂತ್ಯ, ಸಬ್ಬಸಿಗೆ ಇವೆಲ್ಲ ಇರಲಿ. ಇವುಗಳಿಂದಲೇ ಹಾಲು ಉಕ್ಕುತ್ತದೆ ಅನ್ನುವ ಮಾತು ಪೂರ್ತಿ ನಿಜವಲ್ಲದಿದ್ದರೂ ತಿನ್ನುವುದಕ್ಕೆ ಒಳ್ಳೆಯ ಪದಾರ್ಥಗಳೇ. ಬಿಡಬೇಕಾದ್ದು ನೀರು ಕೊಡದಿರುವುದನ್ನು, ಸೊಪ್ಪು ಕಾಳು ಹಣ್ಣು ಮುಟ್ಟಬಾರದು ಅನ್ನುವುದನ್ನು. ಒಂದು ಪದಾರ್ಥ ತಿಂದ ಮೇಲೆ ನಿಜವಾಗಿ ತೊಂದರೆ ಕಂಡರೆ ಅದೊಂದನ್ನು ಬಿಟ್ಟು ನೋಡಲಿ. ಎಲ್ಲವನ್ನೂ ಬಿಡಿಸುವುದು ಬೇಡ.

ಇನ್ನೊಂದು ಸಂಗತಿ ಇದೆ. ತವರುಮನೆಯಲ್ಲಿ ಮೂರು ತಿಂಗಳು, ಐದು ತಿಂಗಳು ಬಾಣಂತನ ಮಾಡುತ್ತಾರೆ. ಅವ್ವ ಇದ್ದಾಳೆ, ಒಂದಿಷ್ಟು ಏನಾದರೂ ಮಾಡಿಕೊಡುತ್ತಾಳೆ. ಆಮೇಲೆ ಮಗುವನ್ನು ಕಟ್ಟಿಕೊಂಡು ಗಂಡನ ಮನೆಗೆ ಬರುತ್ತಾಳೆ. ಬಂದ ಮಾರನೇ ದಿನದಿಂದಲೇ ಕೊಟ್ಟಿಗೆ, ಸಗಣಿ, ಹುಲ್ಲು, ಹೊಲ, ಅಡುಗೆ. ಮಗುವಿಗೆ ಹಾಲೂಡಿಸುವುದು ಎರಡು ವರ್ಷವಾದರೂ ನಡೆಯಬೇಕು ಅಂತ ವೈದ್ಯರು ಹೇಳುತ್ತಾರೆ. ಬಾಣಂತನ ಮೂರು ತಿಂಗಳಿಗೆ ಮುಗಿಯಿತು, ಹಾಲು ಮಾತ್ರ ಮುಗಿಯಲಿಲ್ಲ. ಕೆಲಸವೂ ಹೆಚ್ಚಾಯಿತು, ತಿನಿಸಿನ ಡಬ್ಬಿಯೂ ಖಾಲಿಯಾಯಿತು. ಆದ್ದರಿಂದ ನಾನು ಹೇಳುವ ಬುತ್ತಿ ತವರಿನವರಿಗೆ ಮಾತ್ರವಲ್ಲ, ಅತ್ತೆಮನೆಯವರಿಗೆ ಇನ್ನೂ ಹೆಚ್ಚಾಗಿ ಅನ್ವಯಿಸುತ್ತದೆ.

ಇನ್ನು ತಿನಿಸುಗಳಿಗೆ ಬರೋಣ. ಇವುಗಳಿಗೆ ಬೇಕಾದ ಸಾಮಾನಿನಲ್ಲಿ ಹೆಚ್ಚಿನದು ನಮ್ಮ ಹೊಲದ್ದು, ಉಳಿದದ್ದು ಸಂತೆಯದ್ದು.

ಮೊದಲನೆಯದು ರಾಗಿ ಹುರಿಹಿಟ್ಟು. ರಾಗಿಯ ಗುಣ ನಮ್ಮ ಕಡೆಯವರಿಗೆ ಹೇಳಬೇಕಾಗಿಲ್ಲ. ಮಂಡ್ಯದ ವಿ.ಸಿ. ಫಾರಂನಲ್ಲಿ ರಾಗಿ ಲಕ್ಷ್ಮಣಯ್ಯನವರು ಇಂಡಾಫ್ ತಳಿಗಳನ್ನು ಕೊಟ್ಟ ಮೇಲೆ ಇಳುವರಿಯೂ ಹೆಚ್ಚಿತು. ನೂರು ಗ್ರಾಂ ರಾಗಿಯಲ್ಲಿ ಸುಮಾರು 350 ಮಿಲಿಗ್ರಾಂ ಸುಣ್ಣದಂಶ ಇದೆ. ವಿಶ್ವಸಂಸ್ಥೆ 2023ನೇ ಇಸವಿಯನ್ನು ಸಿರಿಧಾನ್ಯಗಳ ವರ್ಷ ಅಂತ ಆಚರಿಸಿದಾಗ ಪೇಟೆಯವರು ರಾಗಿಯನ್ನು ಹುಡುಕಿಕೊಂಡು ಬಂದರು. ನಮ್ಮ ಮನೆಯಲ್ಲಿ ಮೂಟೆ ಇದ್ದರೂ ಬಾಣಂತಿಗೆ ಬ್ರೆಡ್ಡು ತರುತ್ತೇವೆ.

ಮಾಡುವ ಕ್ರಮ: ಒಂದು ಕೆ.ಜಿ. ರಾಗಿಯನ್ನು ಕಲ್ಲು ತೆಗೆದು ತೊಳೆದು, ಸ್ವಲ್ಪ ಮಜ್ಜಿಗೆ ನೀರು ಚಿಮುಕಿಸಿ ರಾತ್ರಿ ಬಟ್ಟೆಯಲ್ಲಿ ಕಟ್ಟಿಡಿ. ಬೆಳಿಗ್ಗೆ ನೆರಳಿನಲ್ಲಿ ಹರಡಿ. ಮೇಲಿನ ಪಸೆ ಆರಿದ ಮೇಲೆ ಚೆನ್ನಾಗಿ ಕಾದ ಕಬ್ಬಿಣದ ಬಾಂಡ್ಲಿಗೆ ಒಂದೊಂದೇ ಹಿಡಿ ಹಾಕಿ ಬೇಗಬೇಗ ಕೈಯಾಡಿಸಿ. ಬಿಳಿ ಅರಳಾಗಿ ಸಿಡಿಯುತ್ತದೆ. ಇದಕ್ಕೆ ಕಾಲು ಕೆ.ಜಿ. ಹುರಿಗಡಲೆ, ನಾಲ್ಕೈದು ಏಲಕ್ಕಿ ಸೇರಿಸಿ ಗಿರಣಿಯಲ್ಲಿ ಬೀಸಿಸಿ. ಗಾಳಿಯಾಡದ ಡಬ್ಬಿಯಲ್ಲಿ ಒಂದು ತಿಂಗಳು ಇಡಬಹುದು. ತಿನ್ನುವಾಗ ಎರಡು ಮೂರು ದೊಡ್ಡ ಚಮಚ ಹಿಟ್ಟನ್ನು ಒಂದು ಲೋಟ ಬಿಸಿ ಹಾಲಿಗೆ ಕಲಸಿ ಸ್ವಲ್ಪ ಬೆಲ್ಲ ಹಾಕಿದರೆ ಆಯಿತು. ಒಲೆ ಹೊತ್ತಿಸಿ ಬೇಯಿಸುವ ಕೆಲಸ ಇಲ್ಲ. ತುಪ್ಪ, ಬೆಲ್ಲ ಹಾಕಿ ಉಂಡೆ ಕಟ್ಟಿಯೂ ಕೊಡಬಹುದು.

ಎರಡನೆಯದು ಕಡ್ಲೆಕಾಯಿ ಬೀಜ, ಎಳ್ಳಿನ ಉಂಡೆ. ಕಾಲು ಕೆ.ಜಿ. ಕಡ್ಲೆಕಾಯಿ ಬೀಜ, ನೂರು ಗ್ರಾಂ ಎಳ್ಳು, ಒಂದು ಹೋಳು ಒಣಕೊಬ್ಬರಿ, 200 ಗ್ರಾಂ ಬೆಲ್ಲ. ಬೀಜವನ್ನು ಸಣ್ಣ ಉರಿಯಲ್ಲಿ ಹುರಿದು ಸಿಪ್ಪೆ ಕೇರಿ. ಎಳ್ಳನ್ನು ಚಟಪಟ ಅನ್ನುವವರೆಗೆ ಹುರಿಯಿರಿ. ಕೊಬ್ಬರಿ ತುರಿದು ಬೆಚ್ಚಗೆ ಮಾಡಿ. ಎಲ್ಲವನ್ನೂ ಒರಳಲ್ಲಿ ಕುಟ್ಟಿ ಅಥವಾ ಮಿಕ್ಸಿಯಲ್ಲಿ ತರಿತರಿಯಾಗಿ ತಿರುವಿ, ಬೆಲ್ಲದ ಪುಡಿ ಸೇರಿಸಿ ಮತ್ತೊಮ್ಮೆ ತಿರುವಿದರೆ ಅದರ ಎಣ್ಣೆಯಲ್ಲೇ ಉಂಡೆ ನಿಲ್ಲುತ್ತದೆ, ಪಾಕ ಬೇಕಿಲ್ಲ. ನಿಂಬೆಹಣ್ಣಿನ ಗಾತ್ರದ ಇಪ್ಪತ್ತು ಉಂಡೆ ಆಗುತ್ತದೆ. ದಿನಕ್ಕೆ ಎರಡರಂತೆ ಹತ್ತು ದಿನಕ್ಕೆ ಬಂತು. ಸಿಪ್ಪೆ ಸಹಿತ ಎಳ್ಳಿನಲ್ಲಿ ನೂರು ಗ್ರಾಂಗೆ ಸಾವಿರ ಮಿಲಿಗ್ರಾಂಗಿಂತ ಹೆಚ್ಚು ಸುಣ್ಣದಂಶ ಇದೆ. ಎಳ್ಳು ಉಷ್ಣ ಅನ್ನುವವರು ಪ್ರಮಾಣ ಕಮ್ಮಿ ಮಾಡಿಕೊಳ್ಳಿ, ಪೂರ್ತಿ ಬಿಡಬೇಡಿ.

ಮೂರನೆಯದು ಮೊಳಕೆ ಕಾಳಿನ ಉಸಲಿ. ಹೆಸರುಕಾಳು ಅಥವಾ ಅಲಸಂದೆಯನ್ನು ರಾತ್ರಿ ನೆನೆಹಾಕಿ ಬಟ್ಟೆಯಲ್ಲಿ ಕಟ್ಟಿ ಮೊಳಕೆ ಬರಿಸಿ. ಚೆನ್ನಾಗಿ ಬೇಯಿಸಿ, ಸಾಸಿವೆ, ಕರಿಬೇವು, ಇಂಗು, ಬೆಳ್ಳುಳ್ಳಿ ಒಗ್ಗರಣೆ ಕೊಟ್ಟು ತೆಂಗಿನತುರಿ ಹಾಕಿ. ತಿನ್ನುವ ಮುಂಚೆ ನಿಂಬೆಹಣ್ಣು ಹಿಂಡಬೇಕು. ನಿಂಬೆ ಹುಳಿ ರುಚಿಗೆ ಮಾತ್ರವಲ್ಲ, ಕಾಳಿನಲ್ಲಿರುವ ಕಬ್ಬಿಣದಂಶ ಮೈಗೆ ಹತ್ತುವುದಕ್ಕೆ ಸಹಾಯ ಮಾಡುತ್ತದೆ. ಸೀಬೆಹಣ್ಣು, ನೆಲ್ಲಿಕಾಯಿಯೂ ಇದೇ ಕೆಲಸ ಮಾಡುತ್ತವೆ. ವಾಯು ಆಗುತ್ತದೆ ಅನ್ನುವವರು ಮೊದಲು ಎರಡು ಚಮಚದಿಂದ ಶುರು ಮಾಡಲಿ.

ನಾಲ್ಕನೆಯದು ನುಗ್ಗೆಸೊಪ್ಪಿನ ರಾಗಿ ರೊಟ್ಟಿ. ಹಿತ್ತಲಲ್ಲಿ ನುಗ್ಗೆ ಮರ ಇಲ್ಲದ ಮನೆ ನಮ್ಮಲ್ಲಿ ಕಡಿಮೆ. ಎರಡು ಲೋಟ ರಾಗಿ ಹಿಟ್ಟಿಗೆ ಎರಡು ಹಿಡಿ ಬಿಡಿಸಿದ ನುಗ್ಗೆಸೊಪ್ಪು, ಹೆಚ್ಚಿದ ಈರುಳ್ಳಿ, ತೆಂಗಿನತುರಿ, ಜೀರಿಗೆ, ಉಪ್ಪು ಹಾಕಿ ಬಿಸಿನೀರಿನಲ್ಲಿ ಕಲಸಿ ತಟ್ಟಿ. ಹೊಲಕ್ಕೆ ಹೋಗುವ ತಾಯಂದಿರು ಬುತ್ತಿಯಲ್ಲಿ ಕಟ್ಟಿಕೊಂಡು ಹೋಗಬಹುದು. ಜೊತೆಗೆ ಒಂದು ಬಾಟಲಿ ಮಜ್ಜಿಗೆ ಇದ್ದರೆ ಹನ್ನೊಂದು ಗಂಟೆಯ ಸುಸ್ತು ಕಾಣುವುದಿಲ್ಲ.

ಐದನೆಯದು ಏನೂ ಮಾಡಲಾಗದ ದಿನಕ್ಕೆ. ಒಂದು ಹಿಡಿ ಹುರಿಗಡಲೆ, ಒಂದು ಚೂರು ಬೆಲ್ಲ, ಎರಡು ಚೂರು ಕೊಬ್ಬರಿ. ಇಲ್ಲವೇ ಬೇಯಿಸಿದ ಕಡ್ಲೆಕಾಯಿ, ಒಂದು ಬಾಳೆಹಣ್ಣು. ಮೊಟ್ಟೆ ತಿನ್ನುವವರಿಗೆ ಒಂದು ಬೇಯಿಸಿದ ಮೊಟ್ಟೆ.

ಉತ್ತರ ಕರ್ನಾಟಕದ ಕಡೆ ಬಾಣಂತಿಯರಿಗೆ ಅಂಟಿನ ಉಂಡೆ ಕಟ್ಟುತ್ತಾರೆ. ತುಪ್ಪದಲ್ಲಿ ಹುರಿದ ಅಂಟು, ಒಣಕೊಬ್ಬರಿ, ಉತ್ತತ್ತಿ, ಗಸಗಸೆ, ಬೆಲ್ಲ ಹಾಕಿದ ಒಳ್ಳೆಯ ತಿನಿಸು. ಅನುಕೂಲ ಇದ್ದವರು ಮಾಡಲಿ. ಗೋಡಂಬಿ, ಬಾದಾಮಿ ತರಲು ಆಗಲಿಲ್ಲ ಅಂತ ಯಾರೂ ಕೊರಗಬೇಕಾಗಿಲ್ಲ. ಪ್ರೋಟೀನಿನ ಲೆಕ್ಕದಲ್ಲಿ ನಮ್ಮ ಕಡ್ಲೆಕಾಯಿ ಬೀಜ ಅವುಗಳಿಗಿಂತ ಹಿಂದೆ ಬೀಳುವುದಿಲ್ಲ.

ಈಗ ಆಗಲೇ ಹೇಳಿದ 600 ಕ್ಯಾಲೊರಿಯ ಲೆಕ್ಕಕ್ಕೆ ಬನ್ನಿ. ನಾನು ಹೇಳಿದ ಅಳತೆಯ ಒಂದು ಉಂಡೆಯಲ್ಲಿ ಸುಮಾರು 150 ಕ್ಯಾಲೊರಿ, ಎರಡಕ್ಕೆ 300. ಒಂದು ಲೋಟ ಹಾಲಿಗೆ ಹುರಿಹಿಟ್ಟು ಸೇರಿಸಿದರೆ ಸುಮಾರು 300. ಒಟ್ಟು 600. ಪ್ರೋಟೀನು ಕೂಡ 17 ಗ್ರಾಂ ಹತ್ತಿರ ಬರುತ್ತದೆ. ಅಂದರೆ ದಿನದ ಊಟ ಸರಿಯಾಗಿದ್ದು, ಅದರ ಮೇಲೆ ಎರಡು ಉಂಡೆ, ಒಂದು ಲೋಟ ಹುರಿಹಿಟ್ಟಿನ ಹಾಲು ಕೊಟ್ಟರೆ ಹೆಚ್ಚಿಗೆ ಬೇಕಾದ ಭಾಗ ಬಹುಮಟ್ಟಿಗೆ ಸಂದಾಯವಾಯಿತು. ಇದಕ್ಕಿಂತ ಕಡಿಮೆ ಖರ್ಚಿನ ಔಷಧಿ ಯಾವ ಅಂಗಡಿಯಲ್ಲೂ ಇಲ್ಲ.

ಕೆಲವು ಎಚ್ಚರಿಕೆಯ ಮಾತುಗಳನ್ನೂ ಹೇಳಬೇಕು.

ಬೂಸ್ಟು ಹಿಡಿದ, ಮುಗ್ಗಲು ವಾಸನೆಯ ಕಡ್ಲೆಕಾಯಿ ಬೀಜ ಖಂಡಿತ ಬಳಸಬಾರದು, ಹುರಿದರೂ ಅದರ ವಿಷ ಹೋಗುವುದಿಲ್ಲ. ಬೂಸ್ಟು ಹಿಡಿದ ಹಿಂಡಿ ಹಸುವಿಗೆ ಹಾಕಬೇಡಿ, ವಿಷ ಹಾಲಿಗೆ ಇಳಿಯುತ್ತದೆ ಅಂತ ನಮ್ಮ ಡೇರಿಯವರು ಹೇಳುವುದು ಇದನ್ನೇ. ತಾಯಿಯ ಹಾಲಿಗೂ ಅದೇ ಮಾತು.

ಬಸುರಿಯಲ್ಲಿ ಸಕ್ಕರೆ ಕಾಯಿಲೆ ಕಂಡಿದ್ದವರು ಬೆಲ್ಲವೂ ಸಕ್ಕರೆಯೇ ಅನ್ನುವುದನ್ನು ಮರೆಯಬಾರದು. ಅವರಿಗೆ ಉಸಲಿ, ರೊಟ್ಟಿ, ಬೆಲ್ಲವಿಲ್ಲದ ಹುರಿದ ಬೀಜ, ಮೊಟ್ಟೆ, ಮಜ್ಜಿಗೆ ಒಳ್ಳೆಯದು. ಆಪರೇಷನ್ ಹೆರಿಗೆ ಆದವರು ಮೊದಲ ದಿನಗಳಲ್ಲಿ ವೈದ್ಯರು ಹೇಳಿದಂತೆ ನಡೆಯಲಿ.

ತಿನಿಸು ಕೊಡುತ್ತಿದ್ದೇವಲ್ಲ ಅಂತ ಆಸ್ಪತ್ರೆಯ ಮಾತ್ರೆ ನಿಲ್ಲಿಸಬೇಡಿ. ಹೆರಿಗೆಯಾದ ಮೇಲೆ 180 ದಿನ ಕಬ್ಬಿಣದ ಮಾತ್ರೆ ನುಂಗಬೇಕು, ಸುಣ್ಣದಂಶದ ಮಾತ್ರೆಯೂ ಆರು ತಿಂಗಳು ಉಂಟು. ಎರಡನ್ನೂ ಒಟ್ಟಿಗೆ ನುಂಗಬಾರದು, ಒಂದು ಬೆಳಿಗ್ಗೆ ಆದರೆ ಇನ್ನೊಂದು ಬೇರೆ ಹೊತ್ತಿಗೆ. ಕಬ್ಬಿಣದ ಮಾತ್ರೆಯ ಆಸುಪಾಸಿನಲ್ಲಿ ಕಾಫಿ, ಟೀ ಕುಡಿದರೆ ಅದು ಮೈಗೆ ಹತ್ತುವುದಿಲ್ಲ, ಒಂದು ಗಂಟೆಯಾದರೂ ಬಿಡಬೇಕು. ಮಾತ್ರೆ ನುಂಗಿದರೆ ಮಲ ಕಪ್ಪಗೆ ಹೋಗುತ್ತದೆ ಅಂತ ಹೆದರಿ ಅಟ್ಟದ ಮೇಲೆ ಎಸೆದವರನ್ನು ನಾನು ನೋಡಿದ್ದೇನೆ. ಅದರಲ್ಲಿ ಹೆದರುವಂಥದ್ದು ಏನೂ ಇಲ್ಲ.

ತಿನಿಸು ತಾಯಿಗೆ, ಮಗುವಿಗಲ್ಲ. ಮಗುವಿಗೆ ಆರು ತಿಂಗಳು ತುಂಬುವವರೆಗೆ ತಾಯಿಯ ಹಾಲೊಂದೇ ಸಾಕು. ನೀರು, ಸಕ್ಕರೆ ನೀರು, ಹಸುವಿನ ಹಾಲು ಯಾವುದೂ ಬೇಡ. ಜೇನುತುಪ್ಪವನ್ನಂತೂ ವರ್ಷ ತುಂಬುವವರೆಗೆ ನಾಲಿಗೆಗೆ ಮುಟ್ಟಿಸಬಾರದು. ತಾಯಿಗೆ ಜ್ವರ, ಹೆಚ್ಚು ರಕ್ತಸ್ರಾವ, ಮೊಲೆ ಕೆಂಪಗೆ ಗಟ್ಟಿಯಾಗಿ ನೋವು ಬಂದರೆ ನಂಜು, ದೃಷ್ಟಿ ಅನ್ನದೆ ಅದೇ ದಿನ ಆಸ್ಪತ್ರೆಗೆ ಕರೆದುಕೊಂಡು ಹೋಗಬೇಕು.

ಸರ್ಕಾರದ ಕಡೆಯಿಂದಲೂ ಸೌಲಭ್ಯ ಬಂದಿದೆ. 2017ರ ಅಕ್ಟೋಬರ್ 2ರಂದು ನಮ್ಮ ರಾಜ್ಯದಲ್ಲಿ ಮಾತೃಪೂರ್ಣ ಯೋಜನೆ ಶುರುವಾಯಿತು. ಬಸುರಿ ಬಾಣಂತಿಯರಿಗೆ ಅಂಗನವಾಡಿಯಲ್ಲಿ ಅನ್ನ ಸಾಂಬಾರು, ಮೊಟ್ಟೆ, ಹಾಲು, ಕಡಲೆಬೀಜದ ಚಿಕ್ಕಿ ಕೊಡಬೇಕು ಅಂತ ಮಾಡಿದ ಯೋಜನೆ ಅದು. ನೋಡಿ, ಅಲ್ಲೂ ಕಡಲೆಬೀಜ, ಬೆಲ್ಲವೇ ಇದೆ. ಆದರೆ ಬಾಣಂತಿ ಹೊಸಿಲು ದಾಟಬಾರದು ಅಂತ ನಾವು ಕಳಿಸುವುದಿಲ್ಲ. ಯಾವ ಸೌಲಭ್ಯ ಹೇಗೆ ಸಿಗುತ್ತದೆ ಅಂತ ಮನೆಯವರೇ ಅಂಗನವಾಡಿ ಕಾರ್ಯಕರ್ತೆಯರನ್ನು, ಆಶಾ ಕಾರ್ಯಕರ್ತೆಯರನ್ನು ಹೋಗಿ ಕೇಳಬೇಕು. ನಮ್ಮ ಪಾಲಿನದನ್ನು ಕೇಳಿ ಪಡೆಯುವುದಕ್ಕೆ ನಾಚಿಕೆ ಬೇಡ.

ಇಷ್ಟೆಲ್ಲ ಮಾಡುವವರು ಯಾರು? ಬಾಣಂತಿಯೇ ಎದ್ದು ಹುರಿದು ಕುಟ್ಟಿಕೊಳ್ಳಬೇಕಾದರೆ ನಾನು ಇಷ್ಟು ಹೊತ್ತು ಮಾತಾಡಿದ್ದು ದಂಡ. ಅಣ್ಣಂದಿರು, ತಮ್ಮಂದಿರು ಕೇಳಬೇಕು. ಸಂತೆಯಿಂದ ಹಿಂಡಿ ತರುವಾಗ ಅದರ ಜೊತೆಗೇ ಕಾಲು ಕೆ.ಜಿ. ಎಳ್ಳು, ಒಂದು ಕೆ.ಜಿ. ಕಡ್ಲೆಕಾಯಿ ಬೀಜ, ಎರಡು ಅಚ್ಚು ಬೆಲ್ಲ ತನ್ನಿ. ರಾಗಿ ಹುರಿಯುವುದು, ಗಿರಣಿಗೆ ಹೋಗುವುದು ಗಂಡಸರ ಕೈಯಲ್ಲೂ ಆಗುವ ಕೆಲಸವೇ. ಅತ್ತೆಯಂದಿರಿಗೆ ನನ್ನದೊಂದು ವಿನಂತಿ. ಡಬ್ಬಿ ತುಂಬಿಸಿ ಇಟ್ಟರೆ ಸಾಲದು, "ತಿಂದ್ಯೇನವ್ವ?" ಅಂತ ದಿನಕ್ಕೊಂದು ಸಲ ಕೇಳಬೇಕು. ಎಲ್ಲರಿಗೂ ಬಡಿಸಿ ಕೊನೆಗೆ ಉಣ್ಣುವುದು ನಮ್ಮ ಹೆಣ್ಣುಮಕ್ಕಳ ಅಭ್ಯಾಸ. ಕೇಳದೆ ಇದ್ದರೆ ಆ ಉಂಡೆಯನ್ನು ದೊಡ್ಡ ಮಗುವಿಗೆ ಕೊಟ್ಟು ಸುಮ್ಮನಾಗುತ್ತಾರೆ.

ಕೊನೆಯದಾಗಿ ನಮ್ಮ ಸಂಘಕ್ಕೆ ಸಂಬಂಧಿಸಿದ ಎರಡು ಮಾತು.

ಒಂದು, ಮನೆಯಲ್ಲಿ ಬಾಣಂತಿ ಇದ್ದರೆ ದಿನಕ್ಕೆ ಅರ್ಧ ಲೀಟರ್ ಹಾಲು ಮನೆಯಲ್ಲೇ ಉಳಿಯಬೇಕು. ನಿರ್ದೇಶಕಿಯಾಗಿ ನಾನೇ ಹಾಲು ಕಮ್ಮಿ ಹಾಕಿ ಅನ್ನಬಾರದು, ನಿಜ. ಹಾಲಿನ ಬಟವಾಡೆಯ ದುಡ್ಡಿನಲ್ಲೇ ನಮ್ಮ ಸಾಲ, ಮಕ್ಕಳ ಫೀಸು, ಸಂತೆ ಎಲ್ಲ ನಡೆಯುವುದು, ಅದೂ ನನಗೆ ಗೊತ್ತು. ಆ ಅರ್ಧ ಲೀಟರಿನ ದುಡ್ಡು ಸಣ್ಣದಲ್ಲ ಅನ್ನುವ ಮನೆಗಳೂ ಇಲ್ಲಿವೆ. ಆದರೂ ಹೇಳುತ್ತೇನೆ. ಹೊತ್ತು ಮುಳುಗುವ ಮುಂಚೆ ಕರೆದು, ಫ್ಯಾಟು ಎಷ್ಟು ಬಂತು ಅಂತ ನೋಡಿ, ನೊರೆಹಾಲನ್ನು ಊರಿಗೆಲ್ಲ ಕುಡಿಸುವ ಮನೆಯಲ್ಲಿ, ಹಾಲೂಡಿಸುವ ಹೆಣ್ಣುಮಗಳೇ ಹಾಲು ಕಾಣದಿದ್ದರೆ ನಮ್ಮ 25 ವರ್ಷಕ್ಕೆ ಶೋಭೆಯಲ್ಲ. ಕ್ಯಾನಿಗೆ ಹಾಕುವ ಮುಂಚೆ ಅವಳ ಪಾಲನ್ನು ತೆಗೆದಿಡಿ. ಮಿಕ್ಕಿದ್ದು ಸಂಘಕ್ಕೆ ಬರಲಿ.

ಎರಡನೆಯದು ಆಡಳಿತ ಮಂಡಳಿಯ ಮುಂದೆ, ಮಹಾಸಭೆಯ ಮುಂದೆ ನನ್ನ ಸಲಹೆ. ಸದಸ್ಯರ ಮನೆಯಲ್ಲಿ ಹೆರಿಗೆಯಾದರೆ ಸಂಘದ ವತಿಯಿಂದ ಒಂದು ಸಣ್ಣ ಗಂಟು ಕೊಡೋಣ. ಒಂದು ಕೆ.ಜಿ. ಕಡ್ಲೆಕಾಯಿ ಬೀಜ, ಅರ್ಧ ಕೆ.ಜಿ. ಎಳ್ಳು, ಒಂದು ಕೆ.ಜಿ. ಬೆಲ್ಲ, ಒಂದಿಷ್ಟು ನಂದಿನಿ ತುಪ್ಪ. ಲಾಭಾಂಶದಲ್ಲಿ ಒಳ್ಳೆಯ ಕೆಲಸಕ್ಕೆ ಅಂತ ತೆಗೆದಿಡುವ ಹಣದಲ್ಲಿ ಇದಕ್ಕೆ ದೊಡ್ಡ ಭಾಗವೇನೂ ಬೇಕಾಗುವುದಿಲ್ಲ. ಹಸುವಿನ ವಿಮೆಗೆ, ಔಷಧಿಗೆ ನೆರವಾಗುವ ಸಂಘ ಹಸು ಸಾಕುವ ತಾಯಿಗೂ ನೆರವಾಯಿತು ಅಂತ ಆಗಲಿ. 1905ರಲ್ಲಿ ಗದಗದ ಹತ್ತಿರ ಕಣಗಿನಹಾಳದಲ್ಲಿ ಸಿದ್ಧನಗೌಡ ಪಾಟೀಲರು ಸಹಕಾರ ಸಂಘ ಕಟ್ಟಿದ್ದು ಕಷ್ಟಕ್ಕೆ ಒಬ್ಬರಿಗೊಬ್ಬರು ಆಗಲಿ ಅಂತಲೇ. ಈ ಸಲಹೆಯನ್ನು ಮುಂದಿನ ವಾರ್ಷಿಕ ಮಹಾಸಭೆಯ ವಿಷಯಪಟ್ಟಿಯಲ್ಲಿ ಸೇರಿಸಬೇಕೆಂದು ಅಧ್ಯಕ್ಷರನ್ನು ಎಲ್ಲರ ಎದುರಿಗೇ ಕೇಳಿಕೊಳ್ಳುತ್ತೇನೆ. ಒಪ್ಪುವುದು ಬಿಡುವುದು ಸಭೆಗೆ ಬಿಟ್ಟದ್ದು. ಅಕ್ಕತಂಗಿಯರು ಮಾತ್ರ ಅಂದು ತಪ್ಪದೆ ಬಂದು ಕೈ ಎತ್ತಬೇಕು. ರಿಜಿಸ್ಟರಿಗೆ ಸಹಿ ಹಾಕಿ ಮನೆಗೆ ಹೊರಟರೆ ನಮ್ಮ ಮಾತು ಕಾಗದಕ್ಕೆ ಬರುವುದಿಲ್ಲ.

ತಾಯಿ ಗಟ್ಟಿಯಾಗಿದ್ದರೆ ಮಗು ಗಟ್ಟಿ, ಮನೆ ಗಟ್ಟಿ. ಮನೆ ಗಟ್ಟಿಯಾಗಿದ್ದರೆ ಸಂಘವೂ ಗಟ್ಟಿ.  

ಜೈ ಹಿಂದ್. ಜೈ ಕರ್ನಾಟಕ. ಜೈ ಸಹಕಾರ.